ಸೀಸದ ಕೈಗವಸು

ಆ ಎಕ್ಸ್-ರೇ ಯಂತ್ರ ಪಾಸಾಗಿದೆ. ಪಾಸು ಮಾಡಿದವಳು ನಾನೇ. ವೋಲ್ಟೇಜು ಎಷ್ಟು ಬರಬೇಕೋ ಅಷ್ಟು ಬರುತ್ತಿತ್ತು. ಕೊಳವೆಯ ಸುತ್ತಲಿನ ಸೋರಿಕೆ ಮಿತಿಯೊಳಗಿತ್ತು. ಕಿರಣ ಬೀಳಬೇಕಾದ ಜಾಗದಲ್ಲೇ ಬೀಳುತ್ತಿತ್ತು. ವರದಿಯ ಪ್ರತಿ ಪುಟದ ಕೆಳಗೂ ನನ್ನ ಸಹಿ ಇದೆ. ಆ ಪುಟಗಳಲ್ಲಿ ಒಬ್ಬ ಹೆಂಗಸಿನ ಕೈಗಳ ವಿಷಯ ಎಲ್ಲಿಯೂ ಇಲ್ಲ, ಏಕೆಂದರೆ ಅದನ್ನು ಬರೆಯಲು ಅಲ್ಲಿ ಖಾನೆಯೇ ಇಲ್ಲ. ಬೇರೆಲ್ಲೂ ಜಾಗ ಸಿಗದೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯವಳು. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಆಮೇಲೆ ವಿಕಿರಣ ಸುರಕ್ಷತೆಯ ತರಬೇತಿಯನ್ನೂ ಮಾಡಿಕೊಂಡೆ. ಗಂಡನಿಗೆ ರೈಲ್ವೆಯಲ್ಲಿ ವಡೋದರಾಕ್ಕೆ ವರ್ಗವಾಯಿತು. ಕ್ವಾರ್ಟರ್ಸಿನಲ್ಲಿ ಸಾಮಾನು ಬಿಚ್ಚಿ ಮುಗಿಯುವ ಮೊದಲೇ ಅಹಮದಾಬಾದಿನ ಒಂದು ಸಣ್ಣ ಏಜೆನ್ಸಿಯಲ್ಲಿ ನನಗೆ ಕೆಲಸ ಸಿಕ್ಕಿತು. ಆಸ್ಪತ್ರೆಗಳು ತಮ್ಮ ಎಕ್ಸ್-ರೇ ಯಂತ್ರಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆ ಮಾಡಿ ವರದಿ ಕೊಡುವವರು ನಾವು. ಕಚೇರಿ ಅಹಮದಾಬಾದಿನಲ್ಲಿದ್ದರೂ ನನ್ನ ಪಾಲಿಗೆ ಹೆಚ್ಚಾಗಿ ಬಂದದ್ದು ಸೂರತ್.

ವಾರದಲ್ಲಿ ಮೂರು ದಿನ ಬೆಳಗಿನ ಗಾಡಿ. ಹೆಂಗಸರ ಡಬ್ಬಿಯಲ್ಲಿ ದಿನವೂ ಹೋಗಿಬರುವವರು, ಅಲ್ಲಿಯ ಮಾತಿನಲ್ಲಿ 'ಅಪ್-ಡೌನ್' ಮಾಡುವವರು, ಸೀಟು ಸಿಕ್ಕ ಕೂಡಲೇ ಮಡಿಲಲ್ಲಿ ಪೇಪರು ಹಾಸಿ ಮೆಂತ್ಯದ ಸೊಪ್ಪು ಬಿಡಿಸಲು ಕೂರುತ್ತಾರೆ. ನನ್ನ ಚೀಲದಲ್ಲಿ ಮೀಟರುಗಳು, ರೋಗಿಯ ಮೈಯ ಬದಲಿಗೆ ಇಟ್ಟು ನೋಡುವ ಅಲ್ಯುಮಿನಿಯಂ ಮತ್ತು ತಾಮ್ರದ ಹಲಗೆಗಳು. ಸ್ಟೇಷನ್ನಿನ ಬಾಗಿಲಲ್ಲಿ ಚೀಲ ತಪಾಸಣೆಯ ಯಂತ್ರದೊಳಗೆ ಹೋದಾಗಲೆಲ್ಲ ಪೊಲೀಸಿನವನು ನಿಲ್ಲಿಸಿ ಇದೇನು ಎಂದು ಕೇಳುತ್ತಿದ್ದ. ನಿಮ್ಮ ಈ ಯಂತ್ರದಂಥದ್ದನ್ನೇ ಪರೀಕ್ಷೆ ಮಾಡುವ ಸಾಮಾನು ಎಂದರೆ, ಹಾಗಾದರೆ ಇದನ್ನೂ ಒಮ್ಮೆ ನೋಡಿಬಿಡಿ ಬೆನ್, ನಾನು ದಿನವಿಡೀ ಇದರ ಪಕ್ಕದಲ್ಲೇ ಕೂರುತ್ತೇನೆ ಎನ್ನುತ್ತಿದ್ದ. ಬೆನ್ ಅಂದರೆ ಅಲ್ಲಿಯ ಮಾತಿನಲ್ಲಿ ಅಕ್ಕ. ನಗುತ್ತಲೇ ಕೇಳುತ್ತಿದ್ದ. ಆದರೂ ಪ್ರತಿ ಸಲ ಕೇಳುತ್ತಿದ್ದ.

ಆ ಯಂತ್ರದ ಆಸ್ಪತ್ರೆ ಇದ್ದದ್ದು ಸೂರತ್ತಿನ ಪಾಂಡೇಸರಾದಲ್ಲಿ. ಸಣ್ಣದು, ಬರೀ ಮೂಳೆಯದು. ಸುತ್ತ ಬಟ್ಟೆಗೆ ಬಣ್ಣ ಹಾಕುವ, ಅಚ್ಚು ಒತ್ತುವ ಮಿಲ್ಲುಗಳು. ಬಟ್ಟೆಯ ದೊಡ್ಡ ಸುರುಳಿ ಕಾಲ ಮೇಲೆ ಬಿದ್ದವರು, ಒದ್ದೆ ನೆಲದಲ್ಲಿ ಜಾರಿದವರು, ರೋಲರಿಗೆ ಬೆರಳು ಸಿಕ್ಕಿಸಿಕೊಂಡವರು ಅಲ್ಲಿಗೆ ಬರುತ್ತಾರೆ. ಅಲ್ಲಿದ್ದದ್ದು ಸಿ-ಆರ್ಮ್ ಎಂಬ ಯಂತ್ರ. ಸಿ ಅಕ್ಷರದ ಹಾಗೆ ಬಾಗಿದ ದೊಡ್ಡ ತೋಳು. ಕೆಳತುದಿಯಿಂದ ಕಿರಣ ಹೊರಡುತ್ತದೆ, ಮೇಲಿನ ತುದಿ ಅದನ್ನು ಹಿಡಿದು ಟಿ.ವಿ. ಪರದೆಗೆ ಕಳಿಸುತ್ತದೆ, ನಡುವೆ ರೋಗಿಯ ಕೈಯೋ ಕಾಲೋ ಇರುತ್ತದೆ. ಡಾಕ್ಟರು ನೆಲದ ಮೇಲಿನ ಪೆಡಲನ್ನು ಒತ್ತಿದಷ್ಟು ಹೊತ್ತು ಮೂಳೆ ಅಲುಗಾಡುವುದು ಕಾಣುತ್ತದೆ. ಬಿಟ್ಟರೆ ಕಿರಣ ನಿಲ್ಲುತ್ತದೆ, ಕೊನೆಯ ಚಿತ್ರ ಮಾತ್ರ ಪರದೆಯ ಮೇಲೆ ಹಾಗೇ ಉಳಿಯುತ್ತದೆ. ಒಬ್ಬ ರೋಗಿಗೆ ಒಟ್ಟು ಐದು ನಿಮಿಷ ಕಿರಣ ಹರಿದರೆ ಗಂಟೆ ಬಾರಿಸುತ್ತದೆ. ಅದನ್ನು ಯಾರಾದರೂ ಎದ್ದು ಬಂದು ಆರಿಸಬೇಕು. ಅದು ಇರುವುದೇ ಅದಕ್ಕೆ, ಯಾರಾದರೂ ಎದ್ದು ಬರಲಿ ಎಂದು.

ಮೊದಲ ಸಲ ಅಲ್ಲಿಗೆ ಹೋದಾಗ ಆಪರೇಷನ್ ಕೋಣೆಯ ಹಸಿರು ಬಟ್ಟೆ ಹಾಕಿಕೊಳ್ಳಲು ನನ್ನನ್ನು ಹೆಂಗಸರ ಕೋಣೆಗೆ ಕಳಿಸಿದರು. ಅಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಅಲ್ಲಿಯ ಆಸ್ಪತ್ರೆಗಳಲ್ಲಿ ಇಂಥವರನ್ನು ಎಲ್ಲರೂ ಮಾಸಿ, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಾರೆ. ಡಾಕ್ಟರೂ ಹಾಗೇ ಕರೆಯುತ್ತಿದ್ದರು. ಕಾಗದದ ಮೇಲೆ ಅವಳು ಕಂತ್ರಾಟುದಾರನ ಕಡೆಯ ಸಫಾಯಿ ಕೆಲಸದವಳು. ಅವಳು ನಿಜವಾಗಿ ಮಾಡುತ್ತಿದ್ದ ಕೆಲಸ ಬೇರೆ. ಮುರಿದ ಮೂಳೆಯನ್ನು ಡಾಕ್ಟರು ಎಳೆದು ಕೂರಿಸಿದ ಮೇಲೆ, ಪ್ಲಾಸ್ಟರು ಗಟ್ಟಿಯಾಗುವವರೆಗೆ ಆ ಕಾಲನ್ನು ಅದೇ ಓರೆಯಲ್ಲಿ ಕೂದಲೆಳೆಯಷ್ಟೂ ಅಲುಗಿಸದೆ ಹಿಡಿದು ನಿಲ್ಲುವುದು. ನರ್ಸುಗಳ ಕೈ ನಡುಗುತ್ತದೆ, ಟೆಕ್ನಿಷಿಯನ್ನಿನ ಗಮನ ಫೋನಿನಲ್ಲಿ ಇರುತ್ತದೆ, ಮಾಸಿಯ ಕೈ ಅಂದರೆ ಗೋಡೆಗೆ ಹೊಡೆದ ಗೂಟ ಎಂದು ಡಾಕ್ಟರು ನನ್ನೆದುರೇ ಹೊಗಳಿದ್ದರು.

ಅವಳ ಮಾತು ಖಾನ್‌ದೇಶದ ಮರಾಠಿ. ಬೆಳಗಾವಿಯ ನನಗೆ ಅದು ಮುಕ್ಕಾಲು ತಿಳಿಯುತ್ತಿತ್ತು. ಈಗ ನೆನೆಸಿಕೊಂಡರೆ ಅವಳು ನಮ್ಮೂರ ಕನ್ನಡದಲ್ಲೇ ಮಾತಾಡಿದಳೇನೋ ಅನ್ನಿಸುತ್ತದೆ, ಹಾಗಾಗಿ ಹಾಗೇ ಬರೆಯುತ್ತೇನೆ.

ರೊಟ್ಟಿ ಮುರಿಯುತ್ತಿದ್ದ ಅವಳ ಬೆರಳು ನೋಡಿ ನಾನು ಬಟ್ಟೆಯ ಲಾಡಿ ಕಟ್ಟುವುದನ್ನು ಮರೆತೆ. ಉಗುರು ಕಂದು ಬಣ್ಣಕ್ಕೆ ತಿರುಗಿ ಉದ್ದಕ್ಕೂ ಗೆರೆ ಬಿದ್ದಿತ್ತು. ಬೆರಳ ಹಿಂಭಾಗದ ಚರ್ಮ ಒಣಗಿ, ತೆಳುವಾಗಿ, ಹೊಳೆಯುತ್ತಿತ್ತು. ಮುಂಗೈಯ ಮೇಲೆ ಒಂದು ರೋಮವೂ ಇರಲಿಲ್ಲ. ಇಂಥ ಕೈಗಳನ್ನು ನಾನು ತರಬೇತಿಯಲ್ಲಿ ಒಂದು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಹಳೆಯ ಕಾಲದ ಎಕ್ಸ್-ರೇ ಡಾಕ್ಟರುಗಳ ಕೈ ಹೀಗಾಗುತ್ತಿತ್ತು ಎಂದು ಹೇಳಿಕೊಟ್ಟಿದ್ದರು.

ಇದು ಯಾವಾಗಿನಿಂದ ಎಂದು ಕೇಳಿದೆ. ಫಿನಾಯಿಲಿನ ಗುಣ ಎಂದಳು. ಕಿರಣ ಬಿಡುವಾಗ ಕೈ ಒಳಗೇ ಇರುತ್ತದೆಯೇ ಎಂದು ಕೇಳಿದೆ. ಸಾಹೇಬರು 'ಫೋಟೋ' ಅಂದ ಕೂಡಲೇ ಆದಷ್ಟು ಹಿಂದೆ ಎಳೆದುಕೊಳ್ಳುತ್ತೇನೆ, ಎಳೆದರೆ ಮೂಳೆ ಜಾರುತ್ತದೆ ಅನ್ನಿಸಿದರೆ ಇಲ್ಲ ಎಂದಳು. ವಿಕಿರಣದ ಹತ್ತಿರ ಕೆಲಸ ಮಾಡುವವರ ಎದೆಗೆ ಒಂದು ಬ್ಯಾಡ್ಜ್ ಇರಬೇಕು. ಮೈಗೆ ಎಷ್ಟು ಕಿರಣ ತಾಗಿತು ಎಂದು ಅದು ಲೆಕ್ಕವಿಡುತ್ತದೆ. ಡಾಕ್ಟರಿಗೂ ಟೆಕ್ನಿಷಿಯನ್ನಿಗೂ ಇತ್ತು. ಸಫಾಯಿಯವರಿಗೆ ಏಕಿರುತ್ತದೆ?

ಆ ದಿನ ವರದಿಯ ಕೊನೆಯ ಪುಟದಲ್ಲಿ, ಶಿಫಾರಸುಗಳ ಕೆಳಗೆ, 'ರೋಗಿಯನ್ನು ಹಿಡಿಯುವ ಸಿಬ್ಬಂದಿಗೆ ಸೀಸದ ಕೈಗವಸು ಒದಗಿಸುವುದು' ಎಂದು ಬರೆದೆ. ಬರೆದು ಸುಮ್ಮನಾಗದೆ ಡಾಕ್ಟರ ಕೋಣೆಗೂ ಹೋದೆ. ಅವರು ಒಳ್ಳೆಯ ಮನುಷ್ಯರೇ. ಮಿಲ್ಲಿನವರು ನಡುಮಧ್ಯಾಹ್ನ ಬಂದರೂ ಊಟ ಬಿಟ್ಟು ಏಳುವವರು. ನನ್ನ ಮಾತು ಕೇಳಿ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು. ಅವರ ಉಗುರುಗಳ ಮೇಲೂ ಗೆರೆ ಬಿದ್ದಿತ್ತು. 'ನೋಡಿ ಫಿಜಿಕ್ಸ್ ಬೆನ್, ಮೂವತ್ತು ವರ್ಷ. ಏನಾಗಿದೆ?' ಎಂದು ನಕ್ಕರು. ಆದರೆ ಕೈಗವಸು ತರಿಸಿದರು. ತಿಂಗಳಾದ ಮೇಲೆ ಟೆಕ್ನಿಷಿಯನ್ ನನ್ನ ಫೋನಿಗೆ ಒಂದು ಫೋಟೋ ಕಳಿಸಿದ. ಮೊಣಕೈವರೆಗೆ ಬರುವ ದಪ್ಪನೆಯ ಗವಸು ತೊಟ್ಟು ಮಾಸಿ ಕುಸ್ತಿಯವರ ಹಾಗೆ ಎರಡೂ ಕೈ ಎತ್ತಿ ನಿಂತಿದ್ದಳು.

ಆ ಫೋಟೋವನ್ನು ಅಹಮದಾಬಾದಿನ ಕಚೇರಿಯಲ್ಲಿ ತೋರಿಸಿದೆ. ವಡೋದರಾದ ನಮ್ಮ ಕನ್ನಡದವರ ಮನೆಗಳಲ್ಲಿ ತೋರಿಸಿದೆ. ದಿನಗಟ್ಟಲೆ ಯಂತ್ರಗಳ ಮುಂದೆ ಹಲಗೆ ಜೋಡಿಸಿ, ಯಾರೂ ಓದದ ವರದಿ ಬರೆದು ಬೇಸತ್ತಾಗ ಅದನ್ನು ತೆಗೆದು ನೋಡುತ್ತಿದ್ದೆ.

ಎರಡು ವರ್ಷ ಕಳೆದು, ಹೋದ ಚಳಿಗಾಲದಲ್ಲಿ ಮತ್ತೆ ಅಲ್ಲಿಗೆ ಹೋದೆ. ಅದೇ ಕೋಣೆ, ಅದೇ ಸ್ಟೂಲು. ಮಾಸಿ ನನ್ನನ್ನು ನೋಡಿದ ಕೂಡಲೇ ಎದ್ದು, 'ಬಂದ್ಯಾ ಪೋರಿ' ಎಂದು ಗಲ್ಲ ಮುಟ್ಟಿದಳು. ಪೋರಿ ಅಂದರೆ ಅವಳ ಮಾತಿನಲ್ಲಿ ಹುಡುಗಿ. ಅವಳ ಬಲಗೈ ತೋರುಬೆರಳಿಗೆ ಅರಿಶಿನದ ಪಟ್ಟಿ ಸುತ್ತಿತ್ತು. ಗಾಯವೇ ಎಂದು ಕೇಳಿದ್ದಕ್ಕೆ, ಏನೋ ಸಣ್ಣದು, ಮಾಯುತ್ತದೆ ಎಂದಳು. ಗವಸುಗಳನ್ನು ಮೊಳೆಯಿಂದ ತೆಗೆದು ತೋರಿಸಿದಳು. ಒಳಗೆ ಬೆವರುತ್ತದೆ ಎಂದು ದಿನವೂ ಪೌಡರು ಹಾಕಿಡುತ್ತಾಳಂತೆ.

'ನೀ ಕೊಡಿಸಿದ್ದು ಭಾಳ ಛಲೋ ಆತು' ಎಂದಳು. 'ಮೊದಲ ಪ್ರತಿ ಸಲ ಕೈ ಹಿಂದ ಎಳಕೋಬೇಕಾಗಿತ್ತು. ಈಗ ಎಳಿಯೂದ ಬ್ಯಾಡ. ಸಾಹೇಬ್ರೂ ಹಂಗ ಅಂತಾರ, ಗವಸ ಐತಲ್ಲ, ಗಟ್ಟಿ ಹಿಡದ ನಿಂದ್ರು ಅಂತ.'

ಅದನ್ನು ಕೇಳಿದಾಗ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಅಷ್ಟರಲ್ಲಿ ಒಳಗಿನಿಂದ ಕೂಗಿದರು. ಚುಚ್ಚಿದ್ದು ಏನೆಂದು ನಿಂತು ನೋಡಲಿಲ್ಲ.

ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಯಂತ್ರ ಪರೀಕ್ಷೆಗೆ ಸಿಗಲು ಇನ್ನೊಂದು ಗಂಟೆ ಆಗುತ್ತದೆ, ಅಷ್ಟರವರೆಗೆ ಒಳಗೆ ನಿಂತು ಅತ್ತಿತ್ತ ಚದುರುವ ಕಿರಣವನ್ನಾದರೂ ಅಳೆದುಕೊಳ್ಳಿ ಎಂದರು. ನಾನು ಸೀಸದ ಏಪ್ರನ್ ಕಟ್ಟಿಕೊಂಡು ಮೀಟರು ಹಿಡಿದು ಬಾಗಿಲ ಹತ್ತಿರ ನಿಂತೆ. ಮೇಜಿನ ಮೇಲೆ ಮಿಲ್ಲಿನ ಒಬ್ಬ ಕೆಲಸಗಾರ. ಪಾದದ ಕೀಲು ಮುರಿದಿತ್ತು. ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಕೊಯ್ಯುವ ಕೆಲಸವಿಲ್ಲ, ಎಳೆದು ಕೂರಿಸಿ ಪ್ಲಾಸ್ಟರು ಹಾಕುವುದು ಅಷ್ಟೇ. ಪೆಡಲಿಗೆ ಮಿಠಾಯಿ ಅಂಗಡಿಯ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಹಿಂದೊಮ್ಮೆ ಪ್ಲಾಸ್ಟರಿನ ನೀರು ಬಿದ್ದು ಪೆಡಲ್ ಕೆಟ್ಟಿತ್ತಂತೆ. ಬಹಳ ಕಡೆ ಹೀಗೆ ಮಾಡುತ್ತಾರೆ. ಪರೀಕ್ಷೆಯ ಹೊತ್ತಿಗೆ ತೆಗೆಸಿದರಾಯಿತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ.

ಡಾಕ್ಟರು ಕಾಲನ್ನು ಎಳೆದು, ತಿರುಚಿ, ಪೆಡಲ್ ಒತ್ತಿ ನೋಡಿದರು. ಸರಿಯಾಗಲಿಲ್ಲ. ಮತ್ತೆ ಎಳೆದರು, ಮತ್ತೆ ಒತ್ತಿದರು. ಐದಾರು ಸಲ ಹೀಗಾದ ಮೇಲೆ ಮೂಳೆ ಕೂತಿತು. ಮಾಸಿ ಹಿಮ್ಮಡಿಯನ್ನೂ ಹೆಬ್ಬೆರಳನ್ನೂ ಹಿಡಿದು ನಿಂತಳು. ಮೂಳೆ ಕೂರಿಸಿ ಹಿಡಿದಿರುವಾಗ ಆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಡಾಕ್ಟರು ಕಡೆಯ ಸಲ ಪೆಡಲ್ ಒತ್ತಿ ಪರದೆ ನೋಡಿ ತಲೆಯಾಡಿಸಿದರು. ಪೆಡಲಿನಿಂದ ತಮ್ಮ ಕಾಲು ತೆಗೆದು, ಬಕೆಟ್ಟಿನ ಕಡೆ ತಿರುಗಿ ಪ್ಲಾಸ್ಟರಿನ ಸುರುಳಿ ನೆನೆಸತೊಡಗಿದರು.

ನನ್ನ ಮೀಟರಿನ ಅಂಕಿ ಇಳಿಯಲಿಲ್ಲ.

ಆಗ ನಾನು ಮೊದಲು ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಮೀಟರನ್ನು ತಟ್ಟಿದೆ. ಹಿಂದಿನ ವಾರ ಅದರ ಬ್ಯಾಟರಿ ಕೈಕೊಟ್ಟಿತ್ತು. ಹಾಗಾಗಿ ಇದೂ ಅದೇ ಇರಬೇಕು ಎಂದು ಆರಿಸಿ, ಮತ್ತೆ ಹಚ್ಚಿದೆ. ಹಚ್ಚಿದ ಮೇಲೆ ಅದು ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಕಾದೆ. ಮತ್ತೆ ಅದೇ ಅಂಕಿ. ಅಂಗೈಯಲ್ಲಿ ಹಿಡಿದ ಯಂತ್ರ ಕೂಗಿ ಹೇಳುತ್ತಿರುವಾಗ ಅದರ ಮೇಲೆ ಸಂಶಯಪಟ್ಟವಳು ಆ ಕೋಣೆಯಲ್ಲಿ ಅದನ್ನು ಓದಲು ಬರುತ್ತಿದ್ದ ಒಬ್ಬಳೇ ಒಬ್ಬಳು.

ಆಮೇಲೆ ಪರದೆ ನೋಡಿದೆ. ಪರದೆಯ ಮೇಲೆ ಚಿತ್ರ ಯಾವಾಗಲೂ ಇರುತ್ತದೆ, ನಿಂತ ಚಿತ್ರವೋ ನಡೆಯುತ್ತಿರುವುದೋ ಎಂದು ಯಾರೂ ಗಮನಿಸುವುದಿಲ್ಲ. ಬೂದು ಬಣ್ಣದ ಪಾದದ ಮೂಳೆಗಳ ಎರಡೂ ಕಡೆ ಕಪ್ಪಗೆ, ಶಾಯಿ ಚೆಲ್ಲಿದ ಹಾಗೆ, ಮಾಸಿಯ ಗವಸುಗಳು. ಅವಳು ಹಿಡಿತ ಸರಿಮಾಡಿಕೊಂಡಳು. ಪರದೆಯ ಮೇಲಿನ ಕಪ್ಪು ಬೆರಳೂ ಸರಿಯಿತು.

ನಾನು ಕೂಗಿದೆ. ಏನು ಕೂಗಿದೆ ಎಂದು ಆಮೇಲೆ ಟೆಕ್ನಿಷಿಯನ್ ಕೇಳಿದ, ಅವನಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. 'ಕೈ ತಗೀರಿ, ಕೈ ತಗೀರಿ' ಎಂದು ಕನ್ನಡದಲ್ಲಿ ಕೂಗಿದ್ದೆ. ಡಾಕ್ಟರು ತಿರುಗಿ ನನ್ನನ್ನು ನುಂಗುವ ಹಾಗೆ ನೋಡಿದರು. ನಾನು ಪೆಡಲಿನ ಕಡೆ ಬೆರಳು ತೋರಿಸಿದೆ. ಒದ್ದೆಯಾದ ಪ್ಲಾಸ್ಟಿಕ್ಕು ಮಡಚಿ ಪೆಡಲಿನ ಸಂದಿಯಲ್ಲಿ ಸಿಕ್ಕಿಕೊಂಡು ಅದನ್ನು ಕೆಳಗೇ ಹಿಡಿದಿತ್ತು. ಡಾಕ್ಟರು ಒಂದು ಹೆಜ್ಜೆ ಹಿಂದೆ ಹಾರಿದರು. ನರ್ಸು ಗೋಡೆಗೆ ಒತ್ತಿಕೊಂಡಳು. ನಾನೂ ಬಾಗಿಲಾಚೆ ಒಂದು ಕಾಲು ಇಟ್ಟಿದ್ದೆ. ಟೆಕ್ನಿಷಿಯನ್ ಓಡಿಬಂದು ಯಂತ್ರದ ಕೆಂಪು ಗುಂಡಿ ಗುದ್ದುವವರೆಗೆ ಅಲ್ಲಿ ಅಲುಗದೆ ಇದ್ದವಳು ಮಾಸಿ ಒಬ್ಬಳೇ. ಅವಳು ಕಾಲನ್ನು ಬಿಟ್ಟಿರಲಿಲ್ಲ. 'ಲಗೂನ ಪ್ಲಾಸ್ಟರ್ ಹಾಕ್ರಿ ಸಾಹೇಬ್, ಜಾರತೈತಿ' ಎಂದಳು.

ಎಷ್ಟು ಹೊತ್ತು ಹಾಗಿತ್ತು ಎಂಬುದರ ಮೇಲೆ ಆಮೇಲೆ ಜಗಳವೇ ಆಯಿತು. ಹತ್ತು ಸೆಕೆಂಡು ಎಂದರು ಡಾಕ್ಟರು. ಯಂತ್ರವೇ ಒಟ್ಟು ಸಮಯ ತೋರಿಸುತ್ತದೆ, ನೋಡಿ ಎಂದೆ. ಮೊದಲು ಒತ್ತಿ ನೋಡಿದ್ದೂ ಸೇರಿ ಆರು ನಿಮಿಷ ದಾಟಿತ್ತು. ಹಾಗಾದರೆ ಐದಕ್ಕೆ ಗಂಟೆ ಏಕೆ ಬಾರಿಸಲಿಲ್ಲ? ಟೆಕ್ನಿಷಿಯನ್ ನೆಲ ನೋಡಿದ. ಕೆಲಸದ ನಡುವೆ ಕಿವಿ ಕೊರೆಯುತ್ತದೆ ಎಂದು ಅದರ ತಂತಿಯನ್ನು ಬಿಚ್ಚಿಸಿ ವರ್ಷವಾಗಿತ್ತು.

ಕೆಲಸ ಮುಗಿದ ಮೇಲೆ ನಾನು ಹಲಗೆಗಳನ್ನು ಜೋಡಿಸಿ, ಒಮ್ಮೆ ಗವಸನ್ನೂ ನಡುವೆ ಇಟ್ಟು ಅಳೆದೆ. ಗವಸಿನ ಮಾತು ನನ್ನನ್ನು ಏಕೆ ಚುಚ್ಚಿತ್ತೆಂದು ಆಗ ಕಣ್ಣಿಗೇ ಕಂಡಿತು. ಆ ಯಂತ್ರಕ್ಕೆ ತಾನಾಗಿಯೇ ಚಿತ್ರವನ್ನು ತಿಳಿಮಾಡಿಕೊಳ್ಳುವ ಏರ್ಪಾಡು ಇದೆ. ಪರದೆ ಮಂಕಾದರೆ ರೋಗಿಯ ಮೈ ದಪ್ಪಗಿದೆ ಎಂದು ತಿಳಿದು ಕಿರಣ ಹೆಚ್ಚಿಸುತ್ತದೆ. ಸೀಸದ ಗವಸು ಕಿರಣದ ನಡುವೆ ಬಂದರೂ ಅದಕ್ಕೆ ಹಾಗೇ ಅನ್ನಿಸುತ್ತದೆ. ಗವಸು ಎಷ್ಟು ತಡೆಯುತ್ತದೋ ಯಂತ್ರ ಅಷ್ಟಷ್ಟು ಜೋರಾಗಿ ಬಿಡುತ್ತದೆ. ಸೀಸದ ಗವಸು ಇರುವುದು ಅತ್ತಿತ್ತ ಚದುರಿದ ಕಿರಣಕ್ಕೆ. ನೇರ ಕಿರಣದೊಳಗೆ ಗವಸು ಇರಲಿ ಬಿಡಲಿ, ಕೈ ಹೋಗಲೇಬಾರದು. ಇದನ್ನು ತರಬೇತಿಯಲ್ಲಿ ಒಂದು ಸಾಲಿನಲ್ಲಿ ಹೇಳಿದ್ದರು. ನಾನು ಆ ಸಾಲನ್ನು ಬರೆಯದೆ ಗವಸನ್ನು ಮಾತ್ರ ಬರೆದೆ. ಬರಿಗೈಯಲ್ಲಿದ್ದಾಗ ಹೆದರಿ ಹಿಂದೆ ಎಳೆದುಕೊಳ್ಳುತ್ತಿದ್ದವಳು, ನನ್ನ ಮಾತು ನಂಬಿ ಎರಡು ವರ್ಷ ಕೈಯನ್ನು ಒಳಗೇ ಇಟ್ಟಳು.

ಇದಾದ ಮೇಲೂ ಪರೀಕ್ಷೆ ಮಾಡಲೇಬೇಕಿತ್ತು. ಟೆಕ್ನಿಷಿಯನ್ ಚೀಲ ಬಿಚ್ಚಿ ಎಸೆದ, ಗಂಟೆಯ ತಂತಿ ಜೋಡಿಸಿದ. ಪೆಡಲ್ ಸರಿಯಾಗಿ ಎದ್ದು ಕೂತಿತು. ಗಂಟೆ ಐದು ನಿಮಿಷಕ್ಕೆ ಬಾರಿಸಿತು. ನಮೂನೆಯಲ್ಲಿ ಎಲ್ಲದರ ಎದುರಿಗೂ ಸರಿ ಗುರುತು ಹಾಕಿದೆ, ಏಕೆಂದರೆ ಆ ಕ್ಷಣದಲ್ಲಿ ಎಲ್ಲವೂ ಸರಿಯಾಗಿತ್ತು. ಸಂಜೆ ಮನೆಗೆ ಬಂದಾಗ ಮಗಳು ಯಾವತ್ತಿನ ಹಾಗೆ, 'ಅಮ್ಮಾ, ಮಷೀನ್ ಪಾಸ್ ಥಯು?' ಎಂದು ಗುಜರಾತಿಯಲ್ಲಿ ಕೇಳಿದಳು. ಅವಳ ಕನ್ನಡ ಈಗ ಅಷ್ಟೇ ಉಳಿದಿದೆ, ಅಮ್ಮ ಎಂಬುದರವರೆಗೆ. ಪಾಸಾಯಿತು ಎಂದೆ.

ಗಂಡನಿಗೆ ಎಲ್ಲ ಹೇಳಿದೆ. ಅವರು ಸಿಗ್ನಲ್ ವಿಭಾಗದವರು, ಒಂದು ತಂತಿ ಬಿಚ್ಚಿಟ್ಟರೆ ಏನಾಗುತ್ತದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ನೀ ಬರದದ್ದೇನ ಸುಳ್ಳಲ್ಲ. ಪೂರಾ ಬರೀಲಿಲ್ಲ ಅಷ್ಟ. ಈಗ ಪೂರಾ ಬರಿ' ಎಂದರು.

ಬರೆದೆ. ವರದಿಯ ಜೊತೆಗೆ ಬೇರೆಯಾಗಿ ಒಂದು ಪುಟ. ಪೆಡಲ್, ಗಂಟೆ, ಕೈಗಳು. ಗವಸಿನ ಸಲಹೆ ಕೊಟ್ಟವಳು ನಾನೇ, ಅದು ಅರೆಬರೆ ಸಲಹೆ ಎಂಬುದನ್ನೂ ಬರೆದೆ. ಅಹಮದಾಬಾದಿಗೆ ಹೋಗಿ ಏಜೆನ್ಸಿಯ ಯಜಮಾನರ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು, ಚಹಾ ತರಿಸಿದರು. ನಾವು ಯಂತ್ರದ ಡಾಕ್ಟರು ಬೆನ್, ಮನುಷ್ಯರದಲ್ಲ ಎಂದರು. ಇಂಥದ್ದಕ್ಕೆ ನಮೂನೆಯಲ್ಲಿ ಜಾಗವಿಲ್ಲ, ಇದು ನಮ್ಮ ಲೆಟರ್‌ಹೆಡ್ಡಿನ ಮೇಲೆ ಹೋದರೆ ನಾಳೆಯಿಂದ ಯಾವ ಆಸ್ಪತ್ರೆಯೂ ನಮ್ಮನ್ನು ಒಳಗೆ ಬಿಡುವುದಿಲ್ಲ, ಆಮೇಲೆ ಯಂತ್ರವನ್ನಾದರೂ ಯಾರು ನೋಡುತ್ತಾರೆ ಎಂದರು. ಅದೇ ಸಿಟ್ಟು ಬರಿಸುವುದು. ಎಲ್ಲರ ಮಾತೂ ಸ್ವಲ್ಪ ಸರಿಯೇ ಇರುತ್ತದೆ.

ಲೆಟರ್‌ಹೆಡ್ ಇಲ್ಲದೆ ಬಿಳಿ ಹಾಳೆಯ ಮೇಲೆ ನನ್ನ ಹೆಸರಿನಲ್ಲೇ ಬರೆದು ಸೂರತ್ತಿಗೆ ಒಯ್ದೆ. ಡಾಕ್ಟರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ನನ್ನ ಕಡೆಗೇ ಸರಿಸಿದರು.

'ಇದು ಕಂತ್ರಾಟುದಾರನ ಕೈಗೆ ಹೋದರೆ ಮಾಸಿ ನಾಳೆ ಮನೆಯಲ್ಲಿರುತ್ತಾಳೆ. ಅದು ಬೇಕೇ ನಿಮಗೆ?' ಎಂದರು.

ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಮಾಸಿ ಎದುರಿಗೆ ಸಿಗದಿರಲಿ ಎಂದು ಹಿಂಬಾಗಿಲಿನಿಂದ ಇಳಿದೆ. ಆ ಹೇಡಿತನವನ್ನೂ ಬರೆದುಬಿಡಬೇಕು.

ಆಮೇಲೆ ಎರಡು ತಿಂಗಳು ಪೆಡಲ್ ಸಿಕ್ಕಿಕೊಂಡಿದ್ದ ಆ ಹೊತ್ತನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ರೈಲಿನಲ್ಲಿ, ಅಡುಗೆಮನೆಯಲ್ಲಿ, ಬೇರೆ ಆಸ್ಪತ್ರೆಗಳಲ್ಲಿ ಮೀಟರು ಕೈಯಲ್ಲಿ ಹಿಡಿದಾಗ. ಪ್ರತಿ ಸಲವೂ ನಾನು ಮೀಟರನ್ನು ತಟ್ಟುತ್ತೇನೆ. ಒಂದು ಸಲವೂ, ನೆನಪಿನಲ್ಲಿ ಕೂಡ, ತಟ್ಟದೆ ಕೂಗುವುದಿಲ್ಲ.

ಒಂದು ದಿನ ಟೆಕ್ನಿಷಿಯನ್ನೇ ಫೋನ್ ಮಾಡಿದ. ಮಾಸಿಯ ತೋರುಬೆರಳ ಗಾಯ ಇನ್ನೂ ಮಾಯ್ದಿಲ್ಲ, ಅಂಚು ಗಂಟುಗಟ್ಟಿದೆ, ಸಾಹೇಬರು ಮುಲಾಮು ಕೊಟ್ಟಿದ್ದಾರೆ, ನೀವು ಒಮ್ಮೆ ನೋಡಿದರೆ ಒಳ್ಳೆಯದು ಬೆನ್ ಎಂದ. ನೋಡಲು ನಾನು ಯಾವ ಡಾಕ್ಟರು? ಆದರೆ ಮಾಯದ ಗಾಯ ಅಂದರೆ ಏನಿರಬಹುದು ಎಂದು ನನಗೆ ಗೊತ್ತಿತ್ತು. ಅವಳ ರಜೆಯ ದಿನ ಕೇಳಿಕೊಂಡು, ಅವಳನ್ನು ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಕರೆದುಕೊಂಡು ಹೋದೆ.

ಕಾರಿಡಾರಿನ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಆ ಹಾಳೆ ತೆಗೆದೆ. ಒಳಗೆ ಇದನ್ನು ತೋರಿಸಬೇಕು, ಅದಕ್ಕೂ ಮೊದಲು ನಿನಗೆ ಓದಿ ಹೇಳಬೇಕು ಎಂದೆ. ಒಂದೊಂದೇ ಸಾಲು ನನ್ನ ಹರಕು ಮರಾಠಿಯಲ್ಲಿ ಹೇಳುತ್ತಾ ಹೋದೆ. ಪೆಡಲಿನ ವಿಷಯಕ್ಕೆ ತಲೆಯಾಡಿಸಿದಳು. ಗಂಟೆಯ ವಿಷಯಕ್ಕೆ ನಕ್ಕಳು, ಅದು ಬಾರಿಸಿದರೆ ಸಾಹೇಬರು ಅದಕ್ಕಿಂತ ಜೋರಾಗಿ ಕೂಗಾಡುತ್ತಾರೆ ಎಂದಳು. ಗವಸಿನ ಸಾಲು ಬಂತು. ನಿಲ್ಲಿಸದೆ ಹೇಳಿಬಿಟ್ಟೆ. ಗವಸು ಒಳಗಿದ್ದರೆ ಯಂತ್ರ ಇನ್ನೂ ಜೋರಾಗಿ ಬಿಡುತ್ತದೆ, ಅದು ನನಗೆ ಗೊತ್ತಿರಬೇಕಿತ್ತು, ನಾನು ಹೇಳಲಿಲ್ಲ ಎಂದೆ.

ಅವಳು ತನ್ನ ಕೈಗಳನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡಳು.

'ಮತ್ತ ನಾ ಏನ ಮಾಡಬೇಕಾಗಿತ್ತು?'

'ಕೈ ತಗೀಬೇಕಾಗಿತ್ತು.'

'ತಗದ್ರ ಕಾಲ ಹಿಡಿಯಾವ್ರ ಯಾರ?'

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಳಗಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರು. ಹೊರಗೆ ನೂರು ಜನ ಕಾಯುತ್ತಿದ್ದರು. ಕೈ ನೋಡುತ್ತಲೇ ಏನು ಕೆಲಸ ಎಂದು ಕೇಳಿದಳು. ಮಾಸಿ ರೂಢಿಯಂತೆ, ಸಫಾಯಿ ಎಂದಳು. ಸಾಬೂನು, ಸೋಡಾ ಎಂದು ಬರೆಯಲು ಡಾಕ್ಟರು ಪೆನ್ನು ಇಳಿಸಿಯೇಬಿಟ್ಟಿದ್ದಳು. ನಾನು ಹಾಳೆ ಮುಂದಿಟ್ಟೆ. ಓದಿದಳು. ಎದ್ದು ದೀಪದ ಕೆಳಗೆ ಬೆರಳನ್ನು ಮತ್ತೆ ಹಿಡಿದು ನೋಡಿದಳು. ಬ್ಯಾಡ್ಜಿನ ಲೆಕ್ಕ ಎಲ್ಲಿ ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ. ಆಸ್ಪತ್ರೆಯ ಪತ್ರ? ಇಲ್ಲ. ಇವರು ಈ ಕೆಲಸ ಮಾಡುತ್ತಾರೆ ಎನ್ನುವುದಕ್ಕೆ ಏನಿದೆ? ನನ್ನ ಸಹಿಯ ಈ ಒಂದು ಹಾಳೆ ಇದೆ ಎಂದೆ.

ಆಗ ಮಾಸಿ, ಯಾರೂ ಕೇಳದೆ, ಹಿಂದಿಯಲ್ಲಿ ಹೇಳಿದಳು. 'ಬರ್ಕೋರಿ ಮೇಡಂ. ಸಾಹೇಬ್ರು ಫೋಟೋ ತಗಿಯುವಾಗ ನಾನು ಕಾಲ ಹಿಡಿತೀನಿ. ಹನ್ನೆರಡ ವರ್ಷ ಆತು.'

ಡಾಕ್ಟರು ಬರೆದಳು. ಗಾಯದ ಅಂಚಿನಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು. ಕ್ಯಾನ್ಸರ್ ಇನ್ನೂ ಅಲ್ಲ. ಇನ್ನೂ ಎಂಬ ಮಾತನ್ನು ಡಾಕ್ಟರು ಎರಡು ಸಲ ಹೇಳಿದಳು. ಆ ಜಾಗವನ್ನು ಸುಟ್ಟು ತೆಗೆದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಕೈ ಇನ್ನು ಮುಂದೆ ಕಿರಣದೊಳಗೆ ಹೋಗಬಾರದು ಎಂದು ಚೀಟಿಯಲ್ಲಿ ಬರೆದುಕೊಟ್ಟಳು. ಕಿರಣದಿಂದ ಆದದ್ದೇ ಎಂದು ಬರೆಯಿರಿ ಎಂದು ನಾನು ಕೇಳಿದೆ. ಆಗಿರಬಹುದು ಎಂದು ಬರೆದಳು. ಅಳತೆಯ ಲೆಕ್ಕ ಇಲ್ಲದೆ ಅದಕ್ಕಿಂತ ಹೆಚ್ಚು ಬರೆಯಲಾಗದು.

ಆ ಆಸ್ಪತ್ರೆಯ ಕೆಲಸವನ್ನು ಈಗ ಏಜೆನ್ಸಿ ಬೇರೆಯವರಿಗೆ ಕೊಟ್ಟಿದೆ. ನನಗೆ ಸೂರತ್ತಿನಲ್ಲೇ ವರಾಛಾದ ಕಡೆಯ ಹಲ್ಲಿನ ದವಾಖಾನೆಗಳು ಬಂದಿವೆ. ಸಣ್ಣ ಯಂತ್ರಗಳು, ಯಾರೂ ಯಾರನ್ನೂ ಹಿಡಿಯಬೇಕಾಗಿಲ್ಲ. ಮಾಸಿ ಕೆಲಸ ಬಿಟ್ಟಿಲ್ಲ. ಅವಳನ್ನು ಬಿಡಿಸಿಯೂ ಇಲ್ಲ, ಏಕೆಂದರೆ ಅವಳ ಹಾಗೆ ಹಿಡಿಯುವವರು ಅವರಿಗೆ ಸಿಕ್ಕಿಲ್ಲ. ಚರ್ಮದ ಡಾಕ್ಟರ ಚೀಟಿಯನ್ನು ಅವಳೇ ಸಾಹೇಬರ ಮೇಜಿನ ಮೇಲೆ ಇಟ್ಟಳಂತೆ. ಅದನ್ನು ಅವರು ವಾಪಸು ಸರಿಸಲಿಲ್ಲವಂತೆ. ಈಗ ಅವಳು ಕೈ ಹೊರಗೆ ತೆಗೆದು 'ಹೂಂ' ಅನ್ನುವವರೆಗೆ ಡಾಕ್ಟರು ಪೆಡಲ್ ಒತ್ತುವಂತಿಲ್ಲ ಎಂದು ಅವಳೇ ಕಟ್ಟುಪಾಡು ಮಾಡಿದ್ದಾಳೆ. ಅವರು ಗೊಣಗುತ್ತಾರೆ, ಆದರೆ ಕಾಯುತ್ತಾರಂತೆ. ಗವಸು ಮೊಳೆಯಲ್ಲೇ ಇದೆ.

ಇದನ್ನೆಲ್ಲ ಅವಳು ಮೊನ್ನೆ ಟೆಕ್ನಿಷಿಯನ್ನಿನ ಫೋನಿನಿಂದ ಹೇಳಿದಳು. ನನಗೆ ಸಮಾಧಾನವಾಗಬೇಕಿತ್ತು.

'ಪ್ರತಿ ಸಲ ಕೈ ತಗಿತೀಯಲ್ಲ, ಮಾಸಿ?' ಎಂದು ಕೇಳಿದೆ.

ಆ ಕಡೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದ ಸದ್ದಾಯಿತು.

'ಭಾಳ ಸಲ ತಗಿತೀನಿ, ಪೋರಿ' ಎಂದಳು. 'ನಿನ್ನೆ ಒಬ್ಬಾಕಿ ಮುದಕಿ ಬಂದಿದ್ಲು. ಮೂಳಿ ಕಸಬರಗಿ ಕಡ್ಡಿ ಆದಂಗಾಗಿತ್ತು. ಬಿಟ್ಟಿದ್ರ ಮತ್ತ ಮೊದಲಿಂದ ಎಳೀಬೇಕಾಗ್ತಿತ್ತು ಆಕಿನ್ನ.'